ನೆಲದ ಮೇಲಿನ ಹಬ್ಬ

ದೀಪಾವಳಿಗೆ ಇನ್ನು ಎರಡು ವಾರ ಇದೆ ಎನ್ನುವಾಗ ನಾಯಿ, ಬೆಕ್ಕು ಸಾಕಿದವರ ವಾಟ್ಸ್ಯಾಪ್ ಗುಂಪುಗಳಲ್ಲಿ ಒಂದು ಎಚ್ಚರಿಕೆಯ ಪಟ್ಟಿ ಓಡಾಡಲು ಶುರುವಾಗುತ್ತದೆ. ಅಲಂಕಾರದ ಮರಕ್ಕೆ ಸುತ್ತಿದ ಮಿನುಗು ಎಳೆಗಳನ್ನು ಬೆಕ್ಕಿನಿಂದ ದೂರವಿಡಿ, ಟರ್ಕಿ ಕೋಳಿಯ ಮೂಳೆ ಹಾಕಬೇಡಿ, ಊಟದ ಮೇಜಿನ ಬಳಿ ನಾಯಿ ಬಿಡಬೇಡಿ, ಕೊನೆಗೆ ಪಟಾಕಿ ಸದ್ದು ಕೇಳದಂತೆ ಟಿ.ವಿ. ಹಾಕಿ. ಯಾವುದೂ ಸುಳ್ಳಲ್ಲ. ಆದರೆ ಅದು ಮೇಜು ಕುರ್ಚಿಯ ಎತ್ತರದಲ್ಲಿ ನಡೆಯುವ ಹಬ್ಬಕ್ಕೆ ಬರೆದ ಪಟ್ಟಿ. ನಮ್ಮ ಹಬ್ಬ ನೆಲದ ಮೇಲೆ ನಡೆಯುತ್ತದೆ. ಹೊಸ್ತಿಲ ಮುಂದೆ ರಂಗೋಲಿ, ಮೆಟ್ಟಿಲ ಮೇಲೆ ಹಣತೆಯ ಸಾಲು, ಚಾಪೆಯ ಮೇಲೆ ಹೂ ಕಟ್ಟುವವರ ಮಡಿಲಿಂದ ಜಾರಿದ ದಾರದುಂಡೆ, ಮಣೆಯ ಮೇಲೆ ದೇವರು, ದೇವರ ಮುಂದೆ ನೈವೇದ್ಯ, ಪಕ್ಕದಲ್ಲಿ ಕರ್ಪೂರದ ಡಬ್ಬಿ, ಹಿತ್ತಿಲ ತಗ್ಗು ಒಲೆಯ ಮೇಲೆ ಕಜ್ಜಾಯದ ಬಾಣಲೆ. ಸಾಧಾರಣ ಗಾತ್ರದ ನಾಡನಾಯಿಯ ಮೂತಿ ನೆಲದಿಂದ ಒಂದೂವರೆ ಎರಡು ಅಡಿ ಮೇಲಿರುತ್ತದೆ, ಬೆಕ್ಕಿನದು ಒಂದಡಿಗೂ ಕೆಳಗೆ. ವರ್ಷವಿಡೀ ಬರಿದಾಗಿದ್ದ ನೆಲ ಮೂರು ದಿನ ಇದ್ದಕ್ಕಿದ್ದಂತೆ ವಾಸನೆ, ಎಣ್ಣೆ, ಬೆಂಕಿ, ದಾರಗಳಿಂದ ತುಂಬಿಹೋಗುತ್ತದೆ. ಎಲ್ಲರೂ ಆಕಾಶದ ರಾಕೆಟ್ಟಿನ ಬಗ್ಗೆ ಮಾತಾಡುತ್ತಿರುವಾಗ ನನಗೆ ಕಾಡುವುದು ಈ ನೆಲ. ಸದ್ದಿನ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದು ಚಿಕ್ಕದೇನಲ್ಲ. ಮೊದಲು ಮನೆಯೊಳಗೆ ಒಂದು ಸುತ್ತು ಹಾಕೋಣ.

ದೇವರ ಮುಂದಿನ ತಟ್ಟೆ

ಕರ್ಪೂರವನ್ನು ಯಾರೂ ವಿಷವೆಂದು ಎಣಿಸುವುದಿಲ್ಲ, ಅದಕ್ಕೇ ಅದರಿಂದ ಶುರುಮಾಡುತ್ತೇನೆ. ಬಿಲ್ಲೆ ಕರ್ಪೂರ ಪುಟ್ಟದು, ಬೆಳ್ಳಗಿರುತ್ತದೆ, ಕಾಲಲ್ಲಿ ತಟ್ಟಿದರೆ ಜಾರುತ್ತದೆ. ಮರಿಗಳಿಗೆ ಅದು ಆಟದ ಸಾಮಾನು. ನುಂಗಿದರೆ ಬಹಳ ಬೇಗ ರಕ್ತಕ್ಕೆ ಸೇರಿ ನರಮಂಡಲವನ್ನು ಹಿಡಿಯುತ್ತದೆ. ಮೊದಲು ಜೊಲ್ಲು, ವಾಂತಿ, ತೂರಾಡುವ ನಡಿಗೆ, ಆಮೇಲೆ ಫಿಟ್ಸ್. ಇದೆಲ್ಲ ನಿಮಿಷಗಳಲ್ಲೇ, ಹೆಚ್ಚೆಂದರೆ ಒಂದೆರಡು ಗಂಟೆಯೊಳಗೆ ಕಾಣಿಸಬಹುದು. ಇಲ್ಲಿ ಮನೆಯವರು ಮಾಡುವ ತಪ್ಪು ಎಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ನೋಡುವುದು. ವಾಂತಿಯ ನಡುವೆ ಫಿಟ್ಸ್ ಬಂದರೆ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುತ್ತದೆ, ಉಪ್ಪುನೀರು ತಾನೇ ಇನ್ನೊಂದು ವಿಷವಾಗುತ್ತದೆ. ಕರ್ಪೂರ ನುಂಗಿದ ಪ್ರಾಣಿಯನ್ನು ಏನೂ ಕುಡಿಸದೆ ನೇರ ಡಾಕ್ಟರ ಹತ್ತಿರ ಒಯ್ಯಬೇಕು. ತಿರುಪು ಮುಚ್ಚಳದ ಡಬ್ಬಿ, ದೇವರ ಗೂಡಿನ ಮೇಲಿನ ಹಂತ, ಆರತಿಗೆ ಬೇಕಾದಷ್ಟೇ ಬಿಲ್ಲೆ ತಟ್ಟೆಯಲ್ಲಿ: ಇಷ್ಟು ಮಾಡಿದರೆ ಈ ಭಯ ಮುಗಿಯಿತು. ರೇಷ್ಮೆ ಸೀರೆಯನ್ನು ಬೀರುವಿನಿಂದ ತೆಗೆಯುವಾಗ ಮಡಿಕೆಯಿಂದ ಉದುರುವ ನುಸಿಗುಳಿಗೆಗೂ ಇದೇ ಎಚ್ಚರ ಬೇಕು. ಅದರಲ್ಲಿರುವ ನ್ಯಾಫ್ತಲೀನ್ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ, ಬೆಕ್ಕಿಗೆ ಇನ್ನೂ ಬೇಗ.

ತಾಂಬೂಲದ ತಟ್ಟೆಯಲ್ಲಿ ಎರಡು ಅಪಾಯಗಳಿವೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶವನ್ನು ಹಿಂದೆ ನಾಯಿಯ ಹೊಟ್ಟೆಯ ಲಾಡಿಹುಳು ಹೊರಹಾಕಲು ಔಷಧಿಯಾಗಿಯೇ ಕೊಡುತ್ತಿದ್ದರು. ಎಷ್ಟು ಕೊಟ್ಟರೆ ಹುಳು ಬೀಳುತ್ತದೆ, ಎಷ್ಟಕ್ಕೆ ನಾಯಿಯೇ ಬೀಳುತ್ತದೆ ಎನ್ನುವುದರ ನಡುವಿನ ಅಂತರ ಕಡಿಮೆ ಇದ್ದುದರಿಂದ ಆ ಪದ್ಧತಿ ಹೋಯಿತು. ಅಡಿಕೆ ಅಗಿದ ನಾಯಿಗೆ ಜೊಲ್ಲು ಧಾರೆಯಾಗಿ ಸುರಿಯುತ್ತದೆ, ಭೇದಿಯಾಗುತ್ತದೆ, ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ಎದೆಬಡಿತ ಇಳಿಯುತ್ತದೆ. ಇನ್ನೊಂದು ಸುಣ್ಣ. ಅದು ಸುಡುವ ಕ್ಷಾರ. ನೆಕ್ಕಿದರೆ ನಾಲಿಗೆ, ಗಂಟಲು ಬೇಯುತ್ತವೆ. ಬಾಯನ್ನು ನೀರಿನಿಂದ ಚೆನ್ನಾಗಿ ತೊಳೆಯಿರಿ, ಇಲ್ಲಿಯೂ ವಾಂತಿ ಮಾಡಿಸಬೇಡಿ: ಇಳಿಯುವಾಗ ಸುಟ್ಟ ಅನ್ನನಾಳವನ್ನು ಹತ್ತುವಾಗ ಇನ್ನೊಮ್ಮೆ ಸುಡುತ್ತದೆ. ಅರಿಶಿನ ಕುಂಕುಮಕ್ಕೆ ಬಂದವರು ತಾಂಬೂಲದ ಚೀಲವನ್ನು ಸೋಫಾದ ಕಾಲಿಗೆ ಒರಗಿಸಿ ಹರಟೆಗೆ ಕೂರುತ್ತಾರಲ್ಲ, ಆ ಹತ್ತು ನಿಮಿಷ ಸಾಕು. ಬಾಗಿಲ ಪಕ್ಕ ಗೋಡೆಗೆ ಐದು ಅಡಿ ಎತ್ತರದಲ್ಲಿ ಒಂದು ಸಾಲು ಕೊಕ್ಕೆ ಹೊಡೆಸಿ, ಬಂದವರ ಚೀಲ, ಪರ್ಸು ಎಲ್ಲ ಅಲ್ಲಿಗೆ. ಪರ್ಸಿನಲ್ಲಿ ಬಿ.ಪಿ. ಮಾತ್ರೆ, ಚೂಯಿಂಗ್ ಗಮ್ ಇರುತ್ತವೆ.

ಹೂವಿನ ಬುಟ್ಟಿ. ಮಲ್ಲಿಗೆ, ಗುಲಾಬಿಯ ಚಿಂತೆ ಇಲ್ಲ. ಕಣಗಿಲೆ ಬೇರೆಯೇ ಮಾತು. ಎಲೆ, ಹೂ, ಕಾಂಡ, ಒಣಗಿದ ಎಸಳು, ಹೂ ನೆನೆಸಿಟ್ಟ ನೀರು ಎಲ್ಲದರಲ್ಲೂ ಹೃದಯದ ಬಡಿತ ಕೆಡಿಸುವ ವಿಷ ಇದೆ. ಹಳದಿ ಕಣಗಿಲೆಯೂ ಅಷ್ಟೇ, ಗಣೇಶನಿಗೆ ಏರಿಸುವ ಎಕ್ಕದ ಹೂವೂ ಅದೇ ಜಾತಿಯ ವಿಷದ್ದು. ದೇವರ ಪಟಕ್ಕೆ ಎತ್ತರದಲ್ಲಿ ಏರಿಸಿ, ನಿರ್ಮಾಲ್ಯವನ್ನು ಮಾತ್ರ ಮುಚ್ಚಳದ ಬಕೆಟ್ಟಿಗೆ ಹಾಕಿ. ತುಳಸಿಕಟ್ಟೆಯ ಬುಡಕ್ಕೆ ಸುರಿದರೆ ಅದು ಮತ್ತೆ ನೆಲಕ್ಕೇ ಬಂದಂತೆ. ಬೆಕ್ಕಿರುವ ಮನೆಗೆ ಅತಿಥಿಗಳು ಲಿಲ್ಲಿ ಹೂವಿನ ಬೊಕೆ ತಂದರೆ ಬಾಗಿಲಲ್ಲೇ ಧನ್ಯವಾದ ಹೇಳಿ ನೆರೆಮನೆಗೆ ದಾಟಿಸಿ. ಸಂಕೋಚಪಡಬೇಡಿ. ಮೈಮೇಲೆ ಉದುರಿದ ಲಿಲ್ಲಿಯ ಪರಾಗವನ್ನು ನೆಕ್ಕಿಕೊಂಡರೂ ಸಾಕು, ಹೂದಾನಿಯ ನೀರು ಕುಡಿದರೂ ಸಾಕು, ಬೆಕ್ಕಿನ ಮೂತ್ರಪಿಂಡ ಒಂದರಿಂದ ಮೂರು ದಿನದಲ್ಲಿ ಕೆಡುತ್ತದೆ. ತಿಂದ 18 ಗಂಟೆಯೊಳಗೆ ಡ್ರಿಪ್ ಶುರುವಾದರೆ ಉಳಿಯುವ ಸಾಧ್ಯತೆ ಚೆನ್ನಾಗಿದೆ, ತಡವಾದಷ್ಟೂ ಕಷ್ಟ. ಆ ಹೊತ್ತಿನಲ್ಲಿ ಬೆಕ್ಕು ಒಂದೆರಡು ಸಲ ವಾಂತಿ ಮಾಡಿ ಸುಧಾರಿಸಿದಂತೆ ಕಾಣುವುದೂ ಉಂಟು. ಆ ಸುಧಾರಣೆಯನ್ನು ನಂಬಿ ಕೂತವರೇ ಬೆಕ್ಕನ್ನು ಕಳೆದುಕೊಳ್ಳುವುದು.

ಹೂವಿಗಿಂತ ಹೂ ಕಟ್ಟಿದ ದಾರ ನನಗೆ ಹೆಚ್ಚು ಹೆದರಿಕೆ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲ ಕಡೆಗೇ ಬಾಗಿವೆ, ಆದ್ದರಿಂದ ದಾರ ಬಾಯಿಗೆ ಹೋದರೆ ಉಗುಳಲು ಅದಕ್ಕೆ ಆಗುವುದಿಲ್ಲ, ನುಂಗುತ್ತಲೇ ಹೋಗುತ್ತದೆ. ದಾರದ ಒಂದು ತುದಿ ನಾಲಿಗೆಯ ಬುಡಕ್ಕೋ ಜಠರದ ಬಾಯಿಗೋ ಸಿಕ್ಕಿಕೊಳ್ಳುತ್ತದೆ, ಉಳಿದದ್ದು ಕರುಳಿನಲ್ಲಿ ಮುಂದೆ ಸಾಗುತ್ತದೆ. ಪಾಯಜಾಮದ ಲಾಡಿ ಎಳೆದಂತೆ ಕರುಳು ನೆರಿಗೆ ಕಟ್ಟುತ್ತದೆ, ದಾರ ಗರಗಸದಂತೆ ಅದನ್ನು ಕೊಯ್ಯುತ್ತದೆ. ಬಾಯಿಂದಲೋ ಹಿಂದಿನಿಂದಲೋ ದಾರದ ತುದಿ ಜೋತಾಡುತ್ತಿದ್ದರೆ ಎಳೆಯಲೇಬೇಡಿ, ಕತ್ತರಿಸಲೂ ಬೇಡಿ, ಹಾಗೇ ಒಯ್ಯಿರಿ. ಬಾಳೆನಾರಿನಲ್ಲಿ ಕಟ್ಟಿದ ಮಾಲೆ ಮೇಲು ಎನ್ನುವವರಿದ್ದಾರೆ, ನಾರೂ ನಾರೇ. ಹೂ ಕಟ್ಟಿ ಮುಗಿದ ಮೇಲೆ ದಾರದುಂಡೆ ಡ್ರಾಯರಿಗೆ, ಬಾಡಿದ ಮೊಳ ಮಂಚದ ತುದಿಗಲ್ಲ, ಕಸದ ಡಬ್ಬಿಗೆ.

ಹಣತೆಯ ವಿಷಯದಲ್ಲಿ ಒಂದೇ ಮಾತು: ತುಪ್ಪ, ಎಳ್ಳೆಣ್ಣೆಯ ವಾಸನೆಗೆ ನಾಯಿ ನೆಕ್ಕಲು ಹೋಗುತ್ತದೆ, ಬೆಕ್ಕು ಪಕ್ಕದಲ್ಲಿ ಹಾದು ಬಾಲ ಸುಟ್ಟುಕೊಳ್ಳುತ್ತದೆ. ಗಾಜಿನ ಚಿಮಣಿಯೊಳಗೆ, ಕಿಟಕಿಯ ಸರಳಿನ ಆಚೆ ಬದಿಗೆ, ಇಲ್ಲವೇ ಅಗಲವಾದ ತಟ್ಟೆಯಲ್ಲಿ ನೀರು ಹಾಕಿ ಅದರ ನಡುವೆ ಇಡಿ. ಹಣತೆಗೆ ಅರ್ಧದಷ್ಟೇ ಎಣ್ಣೆ ಸುರಿದರೆ ಕಾಯುವ ಹೊತ್ತೂ ಅರ್ಧವಾಗುತ್ತದೆ. ಸೀರಿಯಲ್ ಸೆಟ್ಟಿನ ವೈರನ್ನು ನೆಲದಂಚಿಗೆ ಎಳೆಯುವುದು ನಮ್ಮಲ್ಲಿ ರೂಢಿ. ಹಲ್ಲು ಬರುವ ಮರಿಗಳು ಅಗಿಯುವುದು ಅಲ್ಲೇ. 230 ವೋಲ್ಟ್ ಹೊಡೆದ ನಾಯಿ ಎದ್ದು ಓಡಾಡಿದರೂ ಶ್ವಾಸಕೋಶದಲ್ಲಿ ನೀರು ತುಂಬುವುದು ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ. ಮೊದಲು ಮೈನ್ ಆಫ್ ಮಾಡಿ, ಆಮೇಲೆ ನಾಯಿಯನ್ನು ಮುಟ್ಟಿ, ಚೆನ್ನಾಗಿದ್ದಂತೆ ಕಂಡರೂ ತೋರಿಸಿ.

ತುಪ್ಪದಲ್ಲಿ ಹುರಿದ ದ್ರಾಕ್ಷಿ

ಪಾಯಸಕ್ಕೆ, ಕೇಸರಿಬಾತಿಗೆ, ಉಂಡೆಗೆ ತುಪ್ಪದಲ್ಲಿ ಉಬ್ಬಿಸಿದ ಒಣದ್ರಾಕ್ಷಿ. ದ್ರಾಕ್ಷಿ ನಾಯಿಗೆ ಆಗದು ಎಂಬುದು ಬಹಳ ಕಾಲದಿಂದ ಗೊತ್ತಿತ್ತು, ಏಕೆ ಎಂಬುದು ಗೊತ್ತಿರಲಿಲ್ಲ. 2021ರಲ್ಲಿ ಅಮೆರಿಕದ ವಿಷವೈದ್ಯರು ಕಾರಣವಾಗಿ ಟಾರ್ಟಾರಿಕ್ ಆಮ್ಲದತ್ತ ಬೆರಳು ತೋರಿಸಿದರು. ಹಣ್ಣಿನಿಂದ ಹಣ್ಣಿಗೆ ಇದರ ಪ್ರಮಾಣ ಬದಲಾಗುವುದರಿಂದಲೇ ಒಂದು ನಾಯಿ ಒಂದು ಹಿಡಿ ತಿಂದು ಸುಮ್ಮನಿದ್ದರೆ, ಇನ್ನೊಂದಕ್ಕೆ ನಾಲ್ಕೈದು ಕಾಳಿಗೇ ಮೂತ್ರಪಿಂಡ ಕೈಕೊಡುತ್ತದೆ. ಇಷ್ಟರವರೆಗೆ ತೊಂದರೆ ಇಲ್ಲ ಎಂಬ ಲೆಕ್ಕ ಇಲ್ಲ. ನಮ್ಮ ಅಡುಗೆಮನೆಗೆ ಇದರಲ್ಲಿ ಇನ್ನೊಂದು ಸುದ್ದಿಯಿದೆ: ಅದೇ ಆಮ್ಲ ಹುಣಸೆಹಣ್ಣಿನಲ್ಲಿ ಯಥೇಚ್ಛವಾಗಿದೆ, ಹುಣಸೆ ತಿಂದ ನಾಯಿಗಳಲ್ಲೂ ಅದೇ ಬಗೆಯ ಮೂತ್ರಪಿಂಡದ ಹಾನಿ ದಾಖಲಾಗಿದೆ. ಕಿವುಚಿ ಹಿಂಡಿದ ಹುಣಸೆಯ ಗಟ್ಟು, ಹಬ್ಬಕ್ಕೆ ಕುದಿಸಿಟ್ಟ ಪುಳಿಯೋಗರೆ ಗೊಜ್ಜು, ಎಲೆಯಲ್ಲಿ ಉಳಿದು ಬೀದಿನಾಯಿಗೆ ಹೋಗುವ ಪುಳಿಯೋಗರೆ ಇವೆಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ಮೊದಲ ದಿನ ವಾಂತಿ, ಮಂಕು. ಮೂತ್ರ ಕಡಿಮೆಯಾಗುವುದು ಒಂದರಿಂದ ಮೂರು ದಿನದೊಳಗೆ. ತಿಂದದ್ದು ಕಣ್ಣಿಗೆ ಬಿದ್ದರೆ ಲಕ್ಷಣಕ್ಕೆ ಕಾಯಬೇಡಿ. ಎರಡು ಗಂಟೆಯೊಳಗೆ ಡಾಕ್ಟರು ವಾಂತಿ ಮಾಡಿಸಿದರೆ ಬಹುಪಾಲು ಹೊರಗೆ ಬರುತ್ತದೆ.

ಚಾಕೊಲೇಟಿನ ಲೆಕ್ಕ ಇದಕ್ಕಿಂತ ಸ್ಪಷ್ಟ. ಅದರಲ್ಲಿನ ಥಿಯೊಬ್ರೊಮಿನ್ ನಾಯಿಯ ಮೈತೂಕದ ಕೆ.ಜಿ.ಗೆ 20 ಮಿ.ಗ್ರಾಂ ಆದಾಗ ವಾಂತಿ, ಚಡಪಡಿಕೆ ಶುರು, 40-50ಕ್ಕೆ ಎದೆಬಡಿತ ತಪ್ಪುತ್ತದೆ, 60 ದಾಟಿದರೆ ಫಿಟ್ಸ್. ಒಂದು ಗ್ರಾಂ ಮಿಲ್ಕ್ ಚಾಕೊಲೇಟಿನಲ್ಲಿ ಸುಮಾರು 2 ಮಿ.ಗ್ರಾಂ, ಡಾರ್ಕಿನಲ್ಲಿ 5 ಅಥವಾ ಹೆಚ್ಚು, ಕೋಕೋ ಪುಡಿಯಲ್ಲಿ ಸುಮಾರು 20. ಹದಿನೈದು ಕೆ.ಜಿ.ಯ ನಾಡನಾಯಿಗೆ ತೊಂದರೆ ಶುರುವಾಗಲು 150 ಗ್ರಾಂ ಮಿಲ್ಕ್ ಚಾಕೊಲೇಟ್ ಬೇಕು, ಡಾರ್ಕ್ ಆದರೆ 60 ಗ್ರಾಂ. ಮೂರು ಕೆ.ಜಿ.ಯ ಪೊಮೆರೇನಿಯನ್ನಿಗೆ 12 ಗ್ರಾಂ ಡಾರ್ಕ್, ಅಂದರೆ ಎರಡು ಮೂರು ಚೌಕ. ಕೋಕೋ ಪುಡಿಯಾದರೆ 3 ಗ್ರಾಂ. ಆಫೀಸಿನಿಂದ ಬರುವ ಬಣ್ಣದ ಕಾಗದ ಸುತ್ತಿದ ಉಡುಗೊರೆ ಡಬ್ಬಗಳು ಟೀಪಾಯಿಯ ಮೇಲೆ ರಾಶಿ ಬೀಳುವ ಕಾಲ ಇದು, ಅದರಲ್ಲಿ ಒಣದ್ರಾಕ್ಷಿಯ ಡಬ್ಬಿಯೂ ಇರುತ್ತದೆ. ಬಂದ ಕೂಡಲೇ ಅಟ್ಟಕ್ಕೆ ಹಾಕಿ.

ಸಕ್ಕರೆ ಕಾಯಿಲೆಯವರಿಗೆಂದು ತರುವ ಶುಗರ್ ಫ್ರೀ ಮಿಠಾಯಿಯ ಹಿಂಬದಿ ಓದಿ. ಝೈಲಿಟಾಲ್ (ಸಕ್ಕರೆಯ ಬದಲು ಹಾಕುವ ಒಂದು ಸಿಹಿ ಅಂಶ) ಅಥವಾ ಅದರ ಸಂಕೇತ ಸಂಖ್ಯೆ ಐ.ಎನ್.ಎಸ್. 967 ಎಂದಿದ್ದರೆ ಅದು ನಾಯಿಯ ಇನ್ಸುಲಿನ್ನನ್ನು ಒಮ್ಮೆಲೇ ಏರಿಸುತ್ತದೆ, ಕೆ.ಜಿ.ಗೆ 0.1 ಗ್ರಾಂ ಸಾಕು, ಅರ್ಧ ಗಂಟೆ ಒಂದು ಗಂಟೆಯಲ್ಲಿ ಸಕ್ಕರೆ ಅಂಶ ಇಳಿದು ನಾಯಿ ಕುಸಿಯಬಹುದು. ಐದು ಪಟ್ಟಾದರೆ ಪಿತ್ತಜನಕಾಂಗಕ್ಕೇ ಪೆಟ್ಟು. ಮಾಲ್ಟಿಟಾಲ್ 965, ಸಾರ್ಬಿಟಾಲ್ 420 ಎಂದಿದ್ದರೆ ಭೇದಿಯಾದೀತು, ಅಷ್ಟೇ.

ಈರುಳ್ಳಿ, ಬೆಳ್ಳುಳ್ಳಿ ಪೂಜೆಯ ದಿನ ಒಲೆಗೆ ಬರುವುದಿಲ್ಲ, ಮರುದಿನದ ಬಾಡೂಟಕ್ಕೆ ಬರುತ್ತವೆ. ಬೆಕ್ಕಿಗೆ ಕೆ.ಜಿ.ಗೆ 5 ಗ್ರಾಂ ಈರುಳ್ಳಿ ರಕ್ತ ಕೆಡಿಸಲು ಸಾಕು, ಅಂದರೆ ನಾಲ್ಕು ಕೆ.ಜಿ.ಯ ಬೆಕ್ಕಿಗೆ ಮಧ್ಯಮ ಈರುಳ್ಳಿಯ ಕಾಲುಭಾಗ. ನಾಯಿಗಾದರೆ ಕೆ.ಜಿ.ಗೆ 15ರಿಂದ 30 ಗ್ರಾಂ. ಬೇಯಿಸಿದರೂ ಒಣಗಿಸಿದರೂ ವಿಷ ಹೋಗುವುದಿಲ್ಲ. ಸಾರಿನಲ್ಲಿ ಕಲಸಿದ ಅನ್ನ ಕೊಟ್ಟು ನಾಲ್ಕು ದಿನದ ಮೇಲೆ ವಸಡು ಬಿಳಿಚಿದರೆ ಯಾರಿಗೂ ಸಾರು ನೆನಪಾಗುವುದಿಲ್ಲ. ಬೆಂದ ಮೂಳೆ ಸೀಳಾಗಿ ಒಡೆಯುತ್ತದೆ, ಅದೂ ಬೇಡ. ಇನ್ನು ಎಣ್ಣೆ ತುಪ್ಪ: ಕಜ್ಜಾಯ, ಚಕ್ಕುಲಿ, ಕರ್ಚಿಕಾಯಿ ಒಂದೊಂದೇ ತುಂಡು ಅಜ್ಜಿ ಕೊಟ್ಟಿರುತ್ತಾರೆ, ಮಗು ಕೊಟ್ಟಿರುತ್ತದೆ, ಬಂದವರು ಕೊಟ್ಟಿರುತ್ತಾರೆ. ಸಂಜೆಯ ಹೊತ್ತಿಗೆ ನಾಯಿ ಮುಂಗಾಲು ಚಾಚಿ, ಎದೆ ನೆಲಕ್ಕೂರಿ, ಹಿಂಭಾಗ ಎತ್ತಿ ನಿಂತಿದ್ದರೆ ಅದು ಆಟಕ್ಕೆ ಕರೆಯುತ್ತಿಲ್ಲ, ಮೇದೋಜೀರಕ ಗ್ರಂಥಿಯ ಉರಿಯೂತದಿಂದ ಹೊಟ್ಟೆ ನೋಯುತ್ತಿದೆ. ನಾಯಿಗೆಂದೇ ಒಂದು ಸಣ್ಣ ಡಬ್ಬಿಯಲ್ಲಿ ಬೇಯಿಸಿದ ಸಿಹಿಗುಂಬಳ, ಕ್ಯಾರೆಟ್, ಉಪ್ಪು ಹಾಕದ ಕೋಳಿ ಚೂರು ಇಟ್ಟು, ಕೊಡುವ ಆಸೆ ಇದ್ದವರೆಲ್ಲ ಅದರಿಂದಲೇ ಕೊಡಲಿ. ಮಗುವಿಗೂ ಕೊಟ್ಟ ಸಂತೋಷ, ಅಜ್ಜಿಗೂ ಸಮಾಧಾನ. ಹಟ್ಟಿಯಲ್ಲಿ ದನ ಇರುವ ಮನೆಗಳಲ್ಲಿ ಬಲಿಪಾಡ್ಯಮಿಯ ಗೋಪೂಜೆಗೂ ಇದೇ ಮಾತು. ಮನೆಮಂದಿಯೆಲ್ಲ ಒಬ್ಬೊಬ್ಬರೂ ಅನ್ನ, ಪಾಯಸ, ಒಬ್ಬಟ್ಟು ತಿನ್ನಿಸಿದರೆ ಮೆಲುಕು ಹಾಕುವ ಹೊಟ್ಟೆ ಹುಳಿಯಾಗಿ ಹಸು ಮಲಗಿಬಿಡುತ್ತದೆ. ಶಾಸ್ತ್ರಕ್ಕೆ ಒಂದು ತುತ್ತು, ಉಳಿದದ್ದು ಹಸಿಹುಲ್ಲು.

ಲಕ್ಷ್ಮಿಗೆ ತೆರೆದ ಬಾಗಿಲು

ಅಮಾವಾಸ್ಯೆಯ ಸಂಜೆ, ಆರೂವರೆ. ಲಕ್ಷ್ಮಿ ಒಳಗೆ ಬರಲೆಂದು ತಲೆಬಾಗಿಲು ಪೂರ್ತಿ ತೆರೆದಿದೆ. ಮಕ್ಕಳು ಸುರುಸುರು ಬತ್ತಿ ಹಿಡಿದು ಒಳಗೂ ಹೊರಗೂ ಓಡುತ್ತಿದ್ದಾರೆ, ಗೇಟಿನ ಚಿಲಕ ಹಾಕುವುದನ್ನು ಯಾರೋ ಮರೆತಿದ್ದಾರೆ. ಮಂಗಳಾರತಿಗೆ ಎಲ್ಲರೂ ದೇವರ ಕಡೆ ಮುಖ ಮಾಡಿ ನಿಂತಿದ್ದಾರೆ, ಗಂಟೆ ಬಾರಿಸುತ್ತಿದೆ. ಆಚೆ ಮನೆಯವರು ಸರಪಟಾಕಿಗೆ ಬೆಂಕಿ ಕೊಡುತ್ತಾರೆ. ಸೋಫಾದ ಹಿಂದೆ ಮುದುಡಿದ್ದ ನಾಯಿ ಎಲ್ಲರ ಬೆನ್ನ ಹಿಂದೆ ಹಾದು, ರಂಗೋಲಿ ತುಳಿದು, ಗೇಟು ದಾಟಿ ಸದ್ದಿನ ಎದುರು ದಿಕ್ಕಿಗೆ ಓಡುತ್ತದೆ. ಆರತಿ ಮುಗಿಸಿ ತಿರುಗಿದಾಗ ಕಾಣುವುದು ರಂಗೋಲಿಯ ಮೇಲಿನ ನಾಲ್ಕು ಹೆಜ್ಜೆ. ದೀಪಾವಳಿಯಲ್ಲಿ ನಾಯಿ ಕಳೆದುಹೋಗುವ ಕ್ರಮ ಸಾಮಾನ್ಯವಾಗಿ ಇದೇ. ಬಾಗಿಲು ಮುಚ್ಚಿ ಎಂದು ನಾನು ಹೇಳುವುದಿಲ್ಲ. ಬಾಗಿಲು ತೆರೆದಿಡಬೇಕಾದ ಹಬ್ಬದಲ್ಲಿ ನಾಯಿ ಇನ್ನೊಂದು ಬಾಗಿಲ ಒಳಗಿರಬೇಕು, ಆ ಬಾಗಿಲಿಗೆ ಚಿಲಕ ಇರಬೇಕು, ಚಿಲಕದ ಮೇಲೆ ‘ನಾಯಿ ಒಳಗಿದೆ, ತೆರೆಯಬೇಡಿ’ ಎಂದು ಚೀಟಿ ಅಂಟಿರಬೇಕು. ಬಂದವರು ಬಚ್ಚಲು ಹುಡುಕುತ್ತಾ ಸಿಕ್ಕ ಬಾಗಿಲನ್ನೆಲ್ಲ ತೆರೆಯುತ್ತಾರೆ.

ಕೊರಳ ಪಟ್ಟಿಯೊಳಗೆ ಎರಡು ಬೆರಳು ಹೋಗುವಷ್ಟು ಸಡಿಲವಿರಲಿ, ಮೂರು ಹೋದರೆ ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ತಲೆ ಬಿಡಿಸಿಕೊಳ್ಳುತ್ತದೆ. ಪಟ್ಟಿಯ ಬಿಲ್ಲೆಯಲ್ಲಿ ಹೆಸರಿಗಿಂತ ಫೋನ್ ನಂಬರ್ ಮುಖ್ಯ. ಹಬ್ಬದ ದಿನಗಳಲ್ಲಿ ಮನೆಯೊಳಗೂ ಪಟ್ಟಿ ಬಿಚ್ಚಬೇಡಿ. ಮೈಕ್ರೋಚಿಪ್ ಹಾಕಿಸಿದ್ದರೆ ಅದರ 15 ಅಂಕಿಯ ಸಂಖ್ಯೆ ಈಗಿನ ಫೋನ್ ನಂಬರಿಗೇ ಜೋಡಣೆಯಾಗಿದೆಯೇ ನೋಡಿ. ಓಡಾಡಿಸಲು ಕರೆದೊಯ್ಯುವುದು ಐದು ಗಂಟೆಯೊಳಗೆ ಮುಗಿಯಲಿ, ಎದೆಪಟ್ಟಿಗೊಂದು ಕೊರಳಪಟ್ಟಿಗೊಂದು ಎರಡು ಹಗ್ಗ ಇರಲಿ. ಆದರೂ ಓಡಿಹೋದರೆ ಕೂಗುತ್ತಾ ಬೆನ್ನಟ್ಟಬೇಡಿ, ಓಡುವ ನಾಯಿಗೆ ಬೆನ್ನ ಹಿಂದಿನ ಕೂಗು ಇನ್ನೊಂದು ಪಟಾಕಿ. ಅದು ಮಲಗುತ್ತಿದ್ದ ಬಟ್ಟೆಯನ್ನು ಗೇಟಿನ ಬಳಿ ಹಾಸಿ, ಸದ್ದು ತಗ್ಗಿದ ಮೇಲೆ, ಮುಖ್ಯವಾಗಿ ನಸುಕಿನಲ್ಲಿ, ನಿಂತ ಕಾರುಗಳ ಕೆಳಗೆ, ಮೋರಿಯ ಚಪ್ಪಡಿಗಳ ಸಂದಿಯಲ್ಲಿ, ಕಟ್ಟುತ್ತಿರುವ ಮನೆಗಳ ಒಳಗೆ ಮೆಲ್ಲಗೆ ಕರೆಯುತ್ತಾ ಹುಡುಕಿ. ಬೆಕ್ಕಾದರೆ ದೂರ ಹೋಗಿರುವುದಿಲ್ಲ, ನಾಲ್ಕೈದು ಮನೆಯೊಳಗೇ ಎಲ್ಲೋ ಉಸಿರು ಬಿಗಿಹಿಡಿದು ಕೂತಿರುತ್ತದೆ.

ನಸುಕಿನ ಸದ್ದು

ಪಟಾಕಿ ಸಿಡಿದ ಜಾಗದಿಂದ ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರಬಾರದು ಎಂಬುದು ನಮ್ಮ ಕಾನೂನು. ಹಸಿರು ಪಟಾಕಿ ಹೊಗೆಯನ್ನು ಕಡಿಮೆ ಮಾಡುತ್ತದೆ, ಸದ್ದಿನಲ್ಲಿ ಅದೂ 110ರಿಂದ 125ರ ಆಸುಪಾಸಿನದೇ. ಬಯಲಲ್ಲಿ ದೂರ ಇಮ್ಮಡಿಯಾದರೆ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಆದರೆ ಎರಡೂ ಬದಿ ಮೂರಂತಸ್ತಿನ ಮನೆಗಳಿರುವ ಅಡ್ಡರಸ್ತೆಯಲ್ಲಿ ಅಷ್ಟು ಇಳಿಯುವುದಿಲ್ಲ, ಗೋಡೆಯಿಂದ ಗೋಡೆಗೆ ಬಡಿದು ಮರಳುತ್ತದೆ. ನಮ್ಮ ಕಿವಿ 20,000 ಹರ್ಟ್ಸ್ ತನಕ ಕೇಳಿದರೆ ನಾಯಿಯದು ಸುಮಾರು 45,000, ಬೆಕ್ಕಿನದು 64,000. ರಾಕೆಟ್ಟಿನ ಸಿಳ್ಳೆ ನಮಗೆ ಮುಗಿದ ಮೇಲೂ ಅವಕ್ಕೆ ಮುಗಿದಿರುವುದಿಲ್ಲ. ಸುಪ್ರೀಂ ಕೋರ್ಟ್ 2018ರ ಅಕ್ಟೋಬರಿನಲ್ಲಿ ದೀಪಾವಳಿಗೆ ರಾತ್ರಿ 8ರಿಂದ 10ರ ಎರಡು ಗಂಟೆ ಎಂದು ಗೊತ್ತುಮಾಡಿತು. ಬೀದಿಯಲ್ಲಿ ಆ ಗಡಿಯಾರ ನಡೆಯುವುದಿಲ್ಲ, ಆದ್ದರಿಂದ ನಿಮ್ಮ ತಯಾರಿಯನ್ನು ಆ ಗಡಿಯಾರಕ್ಕೆ ಕಟ್ಟಬೇಡಿ.

ಏಕೆಂದರೆ ನಮ್ಮಲ್ಲಿ ಮೊದಲ ಪಟಾಕಿ ಸಿಡಿಯುವುದು ಸಂಜೆಯಲ್ಲ, ನರಕ ಚತುರ್ದಶಿಯ ನಸುಕಿಗೆ. ಹಿಂದಿನ ಸಂಜೆ ನೀರು ತುಂಬಿದ ಹಂಡೆಗೆ ನಾಲ್ಕು ಗಂಟೆಗೇ ಉರಿ ಹಾಕಿರುತ್ತಾರೆ. ಮೊದಲು ಎಣ್ಣೆ ಹಚ್ಚಿಸಿಕೊಂಡು ಅಭ್ಯಂಜನ ಮುಗಿಸಿದ ಹುಡುಗ ಒದ್ದೆ ತಲೆಯಲ್ಲೇ ಅಂಗಳಕ್ಕೆ ಬಂದು ಮೊದಲ ಪಟಾಕಿ ಹಚ್ಚುತ್ತಾನೆ. ನಿದ್ದೆಯಲ್ಲಿದ್ದ ನಾಯಿ ಎದ್ದು ಓಡುವುದು ಬಚ್ಚಲಿಗೆ: ಕಿಟಕಿ ಚಿಕ್ಕದು, ಗೋಡೆ ದಪ್ಪ, ನೆಲ ತಣ್ಣಗೆ, ಕತ್ತಲೆ. ಭಯಪಟ್ಟ ನಾಯಿ ತಾನೇ ಆರಿಸಿಕೊಳ್ಳುವ ಜಾಗ ಬಹುಪಾಲು ಅದೇ. ಆ ಒಂದು ಬೆಳಗ್ಗೆ ಮಾತ್ರ ಮನೆಮಂದಿಯೆಲ್ಲ ಅದೇ ಬಚ್ಚಲ ಬಾಗಿಲಲ್ಲಿ ಸರತಿ ನಿಂತಿದ್ದಾರೆ, ಒಳಗೆ ಕುದಿನೀರು, ಜಾರುವ ಎಣ್ಣೆ, ಸೀಗೆಪುಡಿ. ನಾಯಿಯನ್ನು ಗದರಿಸಿ ಹೊರಗಟ್ಟುತ್ತಾರೆ, ಅದು ಎಲ್ಲಿಗೂ ಸಲ್ಲದೆ ಹಾಲಿನಲ್ಲಿ ಸುತ್ತುತ್ತದೆ. ಗ್ಯಾಸ್ ಗೀಸರ್ ಇರುವ ಬಚ್ಚಲಾದರೆ ನಾಯಿಯನ್ನು ಒಳಗೆ ಕೂಡಿ ಬಾಗಿಲು ಹಾಕುವುದು ಇನ್ನೂ ಅಪಾಯ; ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ. ಆದ್ದರಿಂದ ಬಚ್ಚಲಲ್ಲದ ಇನ್ನೊಂದು ಗೂಡನ್ನು ಒಂದೆರಡು ವಾರ ಮೊದಲೇ ಅಭ್ಯಾಸ ಮಾಡಿಸಬೇಕು. ರಸ್ತೆಯಿಂದ ದೂರದ ಒಳಕೋಣೆ, ಗೋಡೆಗೆ ತಾಗಿದ ಮಂಚ, ಮೂರು ಬದಿ ನೆಲ ಮುಟ್ಟುವಂತೆ ಕಂಬಳಿ ಇಳಿಬಿಟ್ಟು ನಾಲ್ಕನೆಯ ಬದಿ ತೆರೆದಿರಲಿ. ಕಿಟಕಿಗೆ ಹಾಸಿಗೆಯನ್ನೋ ದಪ್ಪ ರಜಾಯಿಯನ್ನೋ ಒರಗಿಸಿ, ಬಾಗಿಲ ಕೆಳಗಿನ ಸಂದಿಗೆ ಸುತ್ತಿದ ಟವೆಲ್ ಇಡಿ. ಫ್ಯಾನು ಪೂರ್ತಿ ಜೋರಾಗಿ ಓಡಲಿ, ಅದರ ಒಂದೇ ಸಮನೆಯ ಸದ್ದು ಹೊರಗಿನ ಸದ್ದಿನ ಮೊನೆ ಮುರಿಯುತ್ತದೆ. ಪ್ರತಿದಿನ ಒಂದು ಹೊತ್ತಿನ ಊಟ ಆ ಮಂಚದಡಿಯಲ್ಲೇ ಹಾಕಿದರೆ ಹಬ್ಬದ ಹೊತ್ತಿಗೆ ಅದು ನಾಯಿಯದೇ ಜಾಗವಾಗಿರುತ್ತದೆ. ನಾಯಿ ಒಳಹೊಕ್ಕ ಮೇಲೆ ಎಳೆದು ತೆಗೆಯಬೇಡಿ.

ಹೆದರಿದ ನಾಯಿಯನ್ನು ಮುದ್ದಿಸಿದರೆ ಹೆದರಿಕೆ ಹೆಚ್ಚುತ್ತದೆ ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. ಅದು ತಪ್ಪು. ಹೆದರಿಕೆ ಎನ್ನುವುದು ನಾಯಿ ಬೇಕೆಂದು ಮಾಡುವ ಚೇಷ್ಟೆಯಲ್ಲ, ಬಹುಮಾನ ಕೊಟ್ಟರೆ ಹೆಚ್ಚಾಗಲು. ತಾನಾಗಿ ಬಂದು ಮೈಗೆ ಒರಗಿದರೆ ಬಿಗಿಯಾಗಿ ಹಿಡಿದು ಕೂರಿ. ದೂರ ಹೋದರೆ ಹೋಗಲಿ. ಪ್ರತಿ ಢಮ್ಮೆನ್ನುವ ಸದ್ದಿನ ನಂತರ ಒಂದು ಕೋಳಿ ಚೂರೋ ಪನೀರಿನ ತುಂಡೋ ಹಾಕುವುದು ನಿಜಕ್ಕೂ ಕೆಲಸ ಮಾಡುತ್ತದೆ. ಕ್ರಮ ಮಾತ್ರ ತಪ್ಪಬಾರದು: ಮೊದಲು ಸದ್ದು, ಆಮೇಲೆ ತಿಂಡಿ. ತಿಂಡಿ ಮೊದಲು ಬಂದು ಸದ್ದು ಆಮೇಲೆ ಬಂದರೆ ತಿಂಡಿಯೇ ಅಪಾಯದ ಸೂಚನೆಯಾಗಿಬಿಡುತ್ತದೆ. ಭಯ ವಿಪರೀತವಾದಾಗ ನಾಯಿ ಕೋಳಿಯನ್ನೂ ಮುಟ್ಟುವುದಿಲ್ಲ, ಆಗ ಒತ್ತಾಯಿಸಬೇಡಿ.

ರೆಕಾರ್ಡ್ ಮಾಡಿದ ಪಟಾಕಿ ಸದ್ದು ಕೇಳಿಸಿ ರೂಢಿಮಾಡಿಸುವುದಕ್ಕೆ ಕಡಿಮೆ ಎಂದರೂ ಆರೆಂಟು ವಾರ ಬೇಕು. ನಾಯಿಯ ಕಿವಿ ಮಾತ್ರ ಅಲುಗುವಷ್ಟು ಸಣ್ಣ ದನಿಯಿಂದ ಶುರುಮಾಡಿ, ದಿನಕ್ಕೆ ಐದು ಹತ್ತು ನಿಮಿಷ, ಜೊತೆಗೆ ಊಟ. ಊಟ ನಿಲ್ಲಿಸಿತೆಂದರೆ ನೀವು ದನಿ ಏರಿಸಿದ್ದು ಬೇಗವಾಯಿತು, ಹಿಂದಿನ ಹಂತಕ್ಕೆ ಇಳಿಯಿರಿ. ಹಬ್ಬದ ಹಿಂದಿನ ವಾರ ಶುರುಮಾಡಿದರೆ ಅದು ಭಯದ ತಾಲೀಮು ಅಷ್ಟೇ.

ಮಾತ್ರೆಯ ಬಗ್ಗೆ ಜನರಲ್ಲಿ ಹಿಂಜರಿಕೆ ಹೆಚ್ಚು, ನನಗೆ ಅದು ಅರ್ಥವಾಗುವುದಿಲ್ಲ. ಪ್ರತಿ ವರ್ಷ ಗೋಡೆ ಕೆರೆದು ಉಗುರು ಕಿತ್ತುಕೊಳ್ಳುವ ನಾಯಿಗೆ ಔಷಧಿ ಕೊಡದಿರುವುದು ದಯೆಯಲ್ಲ. ಚಿಕಿತ್ಸೆಯಿಲ್ಲದ ಸದ್ದಿನ ಭಯ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಎರಡು ಮೂರು ವಾರ ಮೊದಲು ಪಶುವೈದ್ಯರನ್ನು ಕಾಣಿ. ಟ್ರಾಜೊಡೋನ್, ಗ್ಯಾಬಪೆಂಟಿನ್‌ನಂಥವನ್ನು ಅವರು ತೂಕ, ವಯಸ್ಸು, ಎದೆ, ಮೂತ್ರಪಿಂಡ ನೋಡಿ ಬರೆಯುತ್ತಾರೆ. ಸದ್ದಿಲ್ಲದ ಒಂದು ದಿನ ಕೊಟ್ಟು ನೋಡಿ, ಕೆಲವು ನಾಯಿಗಳಿಗೆ ತೂಕಡಿಕೆ ಹೆಚ್ಚು, ಕೆಲವಕ್ಕೆ ಚಡಪಡಿಕೆ. ಹಬ್ಬದ ದಿನ ಸದ್ದು ಶುರುವಾಗುವುದಕ್ಕೆ ಒಂದೂವರೆ ಎರಡು ಗಂಟೆ ಮೊದಲು ಕೊಡಬೇಕು. ನಡುಗತೊಡಗಿದ ಮೇಲೆ ಕೊಟ್ಟ ಮಾತ್ರೆ ಅರ್ಧಕ್ಕರ್ಧ ವ್ಯರ್ಥ. ಗ್ಯಾಬಪೆಂಟಿನ್ ಸಿರಪ್ ಬರೆದರೆ ಅದರಲ್ಲಿ ಝೈಲಿಟಾಲ್ ಇಲ್ಲವೆಂದು ಖಚಿತಮಾಡಿಕೊಳ್ಳಿ. ಅಸೆಪ್ರೊಮಜೀನ್ ಒಂದನ್ನೇ ಕೊಡುತ್ತೇವೆಂದರೆ ಬೇರೆ ಇದೆಯೇ ಎಂದು ಕೇಳಿ, ಅದು ಮೈಯನ್ನು ಮಲಗಿಸುತ್ತದೆ, ಭಯವನ್ನಲ್ಲ. ಮನೆಯವರ ನಿದ್ದೆ ಮಾತ್ರೆ, ಶೀತದ ಮಾತ್ರೆ, ಜ್ವರದ ಮಾತ್ರೆ ಯಾವುದೂ ಬೇಡ. ಬೆಕ್ಕಿಗೆ ಅರ್ಧ ಪ್ಯಾರಾಸಿಟಮಾಲ್ ಸಾವಿಗೆ ಸಾಕು. ಮುದಿ ನಾಯಿ ಈ ವರ್ಷ ಹೊಸದಾಗಿ ಸದ್ದಿಗೆ ಹೆದರುತ್ತಿದ್ದರೆ ಕೀಲುನೋವು ಇದೆಯೇ ಎಂದೂ ತೋರಿಸಿ. ಬೆಚ್ಚಿಬಿದ್ದಾಗಲೆಲ್ಲ ಸೊಂಟ ನೋಯುವ ನಾಯಿ ಸದ್ದನ್ನೂ ನೋವನ್ನೂ ಗಂಟುಹಾಕಿಕೊಳ್ಳುತ್ತದೆ.

ನೇಪಾಳದಲ್ಲಿ ಇದೇ ಚತುರ್ದಶಿಯ ದಿನ ಕುಕುರ್ ತಿಹಾರ್. ಬೀದಿನಾಯಿಗಳಿಗೂ ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಮಾಲೆ, ಹೊಟ್ಟೆತುಂಬ ಊಟ. ನಾವು ಅಷ್ಟು ಮಾಡದಿದ್ದರೂ ನಮ್ಮ ಬೀದಿಯ ನಾಯಿಗಳಿಗೆ ಮಧ್ಯಾಹ್ನವೇ ಊಟ ಹಾಕಿ, ಮೆಟ್ಟಿಲ ಕೆಳಗಿನ ಜಾಗವನ್ನು ಮೂರು ರಾತ್ರಿ ಬಿಟ್ಟುಕೊಡಬಹುದು. ಬಾಲಕ್ಕೆ ಪಟಾಕಿ ಕಟ್ಟಿ ಪ್ರಾಣಿಯನ್ನು ಕೊಂದರೆ, ಅಂಗ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಡಿ ಐದು ವರ್ಷದವರೆಗೆ ಸೆರೆ ಇದೆ. ಮಕ್ಕಳಿಗೆ ಪಟಾಕಿ ಕೊಡಿಸುವ ದಿನವೇ ಇದನ್ನೂ ಹೇಳಿಕೊಡಿ.

ಬೆಕ್ಕು, ಮೊಲ, ಹಕ್ಕಿ

ಬೆಕ್ಕು ಭಯವನ್ನು ತೋರಿಸುವುದಿಲ್ಲ, ಮಾಯವಾಗುತ್ತದೆ. ಅದಕ್ಕೆ ಬೀರುವಿನ ಮೇಲೊಂದು ರಟ್ಟಿನ ಪೆಟ್ಟಿಗೆ, ಅದೇ ಕೋಣೆಯಲ್ಲಿ ನೀರು, ಮಲದ ಟ್ರೇ ಇರಲಿ. ಎರಡು ದಿನ ಏನೂ ತಿನ್ನದಿದ್ದರೆ, ದಪ್ಪ ಬೆಕ್ಕಾದರೆ ಇನ್ನೂ ಬೇಗ, ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬತೊಡಗುತ್ತದೆ. ಗಂಡು ಬೆಕ್ಕು ಟ್ರೇಯಲ್ಲಿ ಕೂತು ಮುಕ್ಕುರಿಯುತ್ತಿದ್ದು ಮೂತ್ರ ಬಾರದಿದ್ದರೆ ಅದು ಮಲಬದ್ಧತೆಯಲ್ಲ, ಒತ್ತಡದಿಂದ ಮೂತ್ರನಾಳ ಕಟ್ಟಿರಬಹುದು, ಬೆಳಗಾಗಲೆಂದು ಕಾಯಬೇಡಿ. ಮೊಲ ಹೆದರಿದರೆ ಕರುಳಿನ ಚಲನೆಯೇ ನಿಲ್ಲುತ್ತದೆ, ಅರ್ಧ ದಿನ ಹುಲ್ಲು ಮುಟ್ಟದೆ ಹಿಕ್ಕೆ ಹಾಕದಿದ್ದರೆ ಒಯ್ಯಿರಿ. ಬಜೆರಿಗರ್‌ನಂಥ ಹಕ್ಕಿಗಳಿಗೆ ಸದ್ದಿಗಿಂತ ಹೊಗೆ ಮಾರಕ. ಧೂಪ, ಸಾಂಬ್ರಾಣಿ, ಕಾದು ಹೊಗೆಯೆದ್ದ ನಾನ್‌ಸ್ಟಿಕ್ ತವೆ ಇರುವ ಕೋಣೆಯಿಂದ ಪಂಜರ ದೂರವಿರಲಿ.

ಮರುಬೆಳಗ್ಗೆ

ನಾಯಿಯನ್ನು ಹೊರಗೆ ಬಿಡುವ ಮೊದಲು ಅಂಗಳ ಗುಡಿಸಿ. ಸುರುಸುರು ಬತ್ತಿಯ ತಂತಿಗಳನ್ನು ರಾತ್ರಿಯೇ ನೀರಿನ ಬಕೆಟ್ಟಿಗೆ ಹಾಕಿದ್ದರೆ ಅಂಗಾಲಿನ ಗಾಯ ಅರ್ಧ ತಪ್ಪಿತು. ಸಿಡಿಯದೆ ಉಳಿದ ಪಟಾಕಿ, ಹೂಕುಂಡದ ಮಡಕೆ, ಹಾವಿನ ಮಾತ್ರೆ ಎಲ್ಲವನ್ನೂ ಒದ್ದೆಮಾಡಿ ಎತ್ತಿಬಿಡಿ. ಬೇರಿಯಂ, ಕ್ಲೋರೇಟ್ ಇರುವ ಮದ್ದು ತಿಂದ ನಾಯಿಗೆ ವಾಂತಿ, ಕಾಲಿನ ನಿಶ್ಶಕ್ತಿ, ಎದೆಬಡಿತದ ಏರುಪೇರು ಆಗುತ್ತವೆ, ವಸಡು ಕಂದುಬಣ್ಣಕ್ಕೆ ತಿರುಗಬಹುದು. ಓಡಾಡಿ ಬಂದ ಮೇಲೆ ನಾಲ್ಕೂ ಪಾದ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಬೆರಳ ಸಂದಿ ಬಿಡಿಸಿ ನೋಡಿ. ಸುಟ್ಟ ಗಾಯವಿದ್ದರೆ ತಣ್ಣೀರ ಧಾರೆ, ಹತ್ತರಿಂದ ಇಪ್ಪತ್ತು ನಿಮಿಷ, ಗಡಿಯಾರ ನೋಡಿಕೊಂಡೇ. ಮಂಜುಗಡ್ಡೆ, ತುಪ್ಪ, ಅರಿಶಿನ, ಟೂತ್‌ಪೇಸ್ಟ್ ಬೇಡ. ಒದ್ದೆ ಶುಭ್ರ ಬಟ್ಟೆ ಸುತ್ತಿ, ಉಳಿದ ಮೈ ಬೆಚ್ಚಗಿಟ್ಟು ಒಯ್ಯಿರಿ.

ಎಲ್ಲಿಗೆ ಒಯ್ಯುವುದು ಎಂಬುದನ್ನು ಹಬ್ಬಕ್ಕೆ ಮೊದಲೇ ಫೋನ್ ಮಾಡಿ ತಿಳಿದಿರಬೇಕು. ಅಮಾವಾಸ್ಯೆ, ಪಾಡ್ಯದಲ್ಲಿ ಬಹಳಷ್ಟು ಕ್ಲಿನಿಕ್ಕುಗಳು ಮುಚ್ಚಿರುತ್ತವೆ. ರಾತ್ರಿಯೂ ತೆರೆದಿರುವ ಎರಡು ಕಡೆಯ ನಂಬರ್, ಪ್ರಾಣಿಯ ಈಗಿನ ತೂಕ, ತೆಗೆದುಕೊಳ್ಳುತ್ತಿರುವ ಔಷಧಿ ಇವನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಏನಾದರೂ ತಿಂದಿದ್ದರೆ ಹೊದಿಕೆ ಕಾಗದ, ಉಳಿದ ತುಂಡು, ತಿಂದ ಹೊತ್ತು ಜೊತೆಗಿರಲಿ. ಡಾಕ್ಟರು ಮೊದಲು ಕೇಳುವ ಮೂರು ಪ್ರಶ್ನೆ ಇವೇ: ಏನು, ಎಷ್ಟು, ಯಾವಾಗ.

ಮಂಚದಡಿಯ ಕಂಬಳಿಯನ್ನು ಪಾಡ್ಯದ ಮರುದಿನವೇ ಮಡಚಿ ಅಟ್ಟಕ್ಕೆ ಹಾಕಬೇಡಿ. ಅಮಾವಾಸ್ಯೆಯಿಂದ ಹನ್ನೆರಡನೆಯ ದಿನ ತುಳಸಿ ಹಬ್ಬ, ಉಳಿಸಿಟ್ಟ ಪಟಾಕಿಯೆಲ್ಲ ಆ ಸಂಜೆ ಹೊರಬರುತ್ತದೆ.